ನಿದ್ರಾ ಕಾಯಿಲೆ: ಐಜಿಎಂ ಅಷ್ಟು ಏರಿದರೂ ಸೋಂಕು ಹೋಗುವುದಿಲ್ಲ ಯಾಕೆ?

ಅನುಪಮಾ: ನಿದ್ರಾ ಕಾಯಿಲೆ ತರುವ ಟ್ರಿಪನೊಸೋಮ ಪರಾವಲಂಬಿಯ ಗ್ಯಾಂಬಿಯೆನ್ಸ್ ಎಂಬ ಬಗೆ ತಗಲಿದವರ ರಕ್ತದಲ್ಲಿ ಐಜಿಎಂ ಎಂಬ ಪ್ರತಿಕಾಯ ವಿಪರೀತ ಏರಿರುತ್ತದೆ. ಆದರೂ ಸೋಂಕು ವರ್ಷಗಟ್ಟಲೆ ಉಳಿಯುವುದು ಹೇಗೆ? ಸಿಎಟಿಟಿ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಅಷ್ಟಕ್ಕೇ ಚಿಕಿತ್ಸೆ ಶುರು ಮಾಡಬಹುದೇ?

ರಾಘವೇಂದ್ರ: ಪ್ರತಿಕಾಯಗಳು ಕೊಲ್ಲುತ್ತವೆ, ಆದರೆ ಹಳೆಯ ಗುರಿಯನ್ನು. ಟ್ರಿಪನೊಸೋಮದ ಮೈಮೇಲೆ ವಿಎಸ್‌ಜಿ ಎಂಬ ಒಂದೇ ಪ್ರೋಟೀನಿನ ಸುಮಾರು 1 ಕೋಟಿ ಅಣುಗಳ ಹೊದಿಕೆ ಇರುತ್ತದೆ. ಅರೆಬರೆ ಜೀನ್‌ಗಳೂ ಸೇರಿ ವಿಎಸ್‌ಜಿ ಜೀನ್‌ಗಳು 2,000ಕ್ಕಿಂತ ಹೆಚ್ಚು. ಒಂದು ಸಲಕ್ಕೆ ಕೆಲಸ ಮಾಡುವುದು ಒಂದೇ. ಬಹುಪಾಲು ಸಾಯುವಷ್ಟರಲ್ಲಿ ಹೊದಿಕೆ ಬದಲಿಸಿಕೊಂಡ ಕೆಲವು ಉಳಿದು ಮತ್ತೆ ಬೆಳೆಯುತ್ತವೆ. ಜ್ವರ ಬಿಟ್ಟು ಬಿಟ್ಟು ಬರುವುದು ಇದರಿಂದಲೇ. ಅಂಟಿದ ಪ್ರತಿಕಾಯ ಕಡಿಮೆಯಿದ್ದರೆ, ಈಜುವ ರಭಸಕ್ಕೆ ಅದು ಕಶಾಂಗದ (ಈಜಲು ಬಳಸುವ ಬಾಲದಂಥ ಎಳೆಯ) ಬುಡದ ಚೀಲಕ್ಕೆ ಸರಿಯುತ್ತದೆ. ಪರಾವಲಂಬಿ ಅದನ್ನು ಒಳಗೆಳೆದು ಜೀರ್ಣಿಸಿಬಿಡುತ್ತದೆ. ಇನ್ನು ಆ ಐಜಿಎಂನಲ್ಲಿ ದೊಡ್ಡ ಪಾಲು ಪರಾವಲಂಬಿಯ ವಿರುದ್ಧದ್ದೇ ಅಲ್ಲ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಗುರಿಯಿಲ್ಲದೆ ಪ್ರಚೋದನೆಗೊಂಡಿರುತ್ತವೆ, ಸ್ವಂತ ಅಂಗಾಂಶದ ವಿರುದ್ಧದ ಪ್ರತಿಕಾಯಗಳೂ ಅದರಲ್ಲಿರುತ್ತವೆ. ಲಸಿಕೆ ಇಷ್ಟು ಕಷ್ಟವಾಗಿರುವುದಕ್ಕೆ ಇದೆಲ್ಲ ಕಾರಣ.

ಶಶಿಕಲಾ: ಅದಕ್ಕೂ ಮುಂಚಿನ ತಡೆಯನ್ನು ಮರೆಯಬೇಡಿ. ನಮ್ಮ ರಕ್ತದ ಎಚ್‌ಡಿಎಲ್ ಎಂಬ ಕೊಬ್ಬು ಸಾಗಿಸುವ ಕಣಗಳಲ್ಲಿರುವ ಅಪೋಎಲ್1 ಪ್ರೋಟೀನ್ ಪರಾವಲಂಬಿಯೊಳಗೆ ಹೊಕ್ಕು ಪೊರೆಗಳಲ್ಲಿ ರಂಧ್ರ ಕೊರೆಯುತ್ತದೆ. ದನಗಳಿಗೆ ತಗಲುವ ಟ್ರಿಪನೊಸೋಮಾ ಬ್ರೂಸಿ ಬ್ರೂಸಿ ಮನುಷ್ಯರಲ್ಲಿ ನಿಲ್ಲದಿರುವುದು ಇದರಿಂದ. ಮನುಷ್ಯರಿಗೆ ತಗಲುವ ಇನ್ನೊಂದು ಬಗೆಯಾದ ರೊಡೇಸಿಯೆನ್ಸ್ ತನ್ನ ಎಸ್‌ಆರ್‌ಎ ಪ್ರೋಟೀನಿನಿಂದ ಅಪೋಎಲ್1 ಅನ್ನು ಕಟ್ಟಿಹಾಕುತ್ತದೆ. ಗ್ಯಾಂಬಿಯೆನ್ಸ್‌ಗೆ ಟಿಜಿಎಸ್‌ಜಿಪಿ ಎಂಬ ಬೇರೆ ಪ್ರೋಟೀನ್ ಇದೆ, ಜೊತೆಗೆ ಅದು ಆ ಕಣಗಳನ್ನು ಒಳಗೆ ಸೇರಿಸಿಕೊಳ್ಳುವುದೂ ಕಡಿಮೆ. ಜಿ1, ಜಿ2 ಎಂಬ ಅಪೋಎಲ್1 ರೂಪಗಳ ಪೈಕಿ ಜಿ2 ರೊಡೇಸಿಯೆನ್ಸ್‌ನಿಂದ ರಕ್ಷಣೆ ಕೊಡುತ್ತದೆ, ಆದರೆ ಇಂಥ ಎರಡು ಪ್ರತಿಗಳಿದ್ದರೆ ಮೂತ್ರಪಿಂಡದ ಕಾಯಿಲೆಯ ಅಪಾಯ ಹೆಚ್ಚು.

ನಾಗೇಶ್: ಎರಡನೇ ಪ್ರಶ್ನೆಗೆ: ಸಾಮಾನ್ಯವಾಗಿ ಸಾಲದು. ಸಿಎಟಿಟಿ ತೋರಿಸುವುದು ಲಿಟ್ಯಾಟ್ 1.3 ಎಂಬ ವಿಎಸ್‌ಜಿ ವಿರುದ್ಧದ ಪ್ರತಿಕಾಯವನ್ನು. ಕಾರ್ಡಿನ ಮೇಲೆ ಒಂದು ಹನಿ ಕಾರಕ, ಒಂದು ಹನಿ ಹೆಪಾರಿನ್ ಬೆರೆಸಿದ ರಕ್ತ. ಕಲಸಿ, ನಿಮಿಷಕ್ಕೆ 60 ಸುತ್ತಿನಂತೆ 5 ನಿಮಿಷ ತಿರುಗಿಸಿ ಓದಬೇಕು. ಆ ಜೀನ್ ಇಲ್ಲದ ತಳಿಯಾದರೆ ನೆಗೆಟಿವ್ ಬರಬಹುದು. ರೊಡೇಸಿಯೆನ್ಸ್‌ಗೆ ಈ ಪರೀಕ್ಷೆ ಉಪಯೋಗವಿಲ್ಲ. ಹಾಗಾಗಿ ರಕ್ತದಲ್ಲೋ, ಕತ್ತಿನ ದುಗ್ಧಗ್ರಂಥಿಯ ದ್ರವದಲ್ಲೋ ಪರಾವಲಂಬಿಯನ್ನೇ ಸೂಕ್ಷ್ಮದರ್ಶಕದಲ್ಲಿ ಕಾಣಬೇಕು.

ಮಿದುಳು-ಬೆನ್ನುಹುರಿ ದ್ರವದ ಪ್ರತಿ ಮೈಕ್ರೋಲೀಟರಿನಲ್ಲಿ 5ಕ್ಕಿಂತ ಹೆಚ್ಚು ಬಿಳಿ ರಕ್ತಕಣ ಇದ್ದರೆ, ಅಥವಾ ಪರಾವಲಂಬಿಯೇ ಕಂಡರೆ, ಎರಡನೇ ಹಂತ, ಅಂದರೆ ಸೋಂಕು ಮಿದುಳಿಗೆ ಮುಟ್ಟಿದೆ. ದ್ರವ ತೆಗೆದ ತಕ್ಷಣ ನೋಡಿ, ಟ್ರಿಪನೊಸೋಮಗಳು ಅದರಲ್ಲಿ ಬೇಗ ಒಡೆಯುತ್ತವೆ. ಗ್ಯಾಂಬಿಯೆನ್ಸ್‌ನಲ್ಲಿ ಎಣಿಕೆ 100 ಮುಟ್ಟಿದರೆ ಫೆಕ್ಸಿನಿಡಜೋಲ್ ಮಾತ್ರೆಗಿಂತ ನಿಫರ್ಟಿಮಾಕ್ಸ್-ಎಫ್ಲಾರ್ನಿಥಿನ್ ಜೋಡಿಯೇ ಮೇಲು.

ಅನುಪಮಾ: ವಾಸಿಯಾಯಿತೇ ಎಂದು ಸಿಎಟಿಟಿಯಿಂದ ತಿಳಿಯಬಹುದೇ?

ನಾಗೇಶ್: ಇಲ್ಲ. ಪರಾವಲಂಬಿ ಸತ್ತ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯಬಹುದು. ರೋಗ ಮರುಕಳಿಸಿದ ಲಕ್ಷಣ ಕಂಡರೆ ರಕ್ತ ಮತ್ತು ಬೆನ್ನುಹುರಿ ದ್ರವ ಎರಡನ್ನೂ ಮತ್ತೆ ಪರೀಕ್ಷಿಸಬೇಕು.