‘ರಿಸೋರ್ಸ್’ ಅಂದ್ರ ಸುಮ್ನಿರಬೇಕೋ, ಕೇಳಬೇಕೋ?

ಪ್ರಶ್ನೆ (ಬಳ್ಳಾರಿ):
ನಮ್ಮ ಕಡೆ ಕಾಲೇಜುಗಳಿಂದ ಐಟಿ ಕಂಪನಿ ಸೇರೋ ಹೊಸಬರಿಗೆ ಒಂದು ಸಣ್ಣ ಕೈಪಿಡಿ ಮಾಡ್ತಿದ್ದೀವಿ. ಅಮೆರಿಕ, ಬ್ರಿಟನ್ ಕ್ಲೈಂಟ್ ಕಾಲ್‌ಗಳಲ್ಲಿ ಕಿವಿಗೆ ಬೀಳೋ ‘ರಿಸೋರ್ಸ್’, ‘ಬೆಂಚ್’, ‘ಕೋಡ್ ಮಂಕಿ’, ‘ಸೈಬರ್ ಕೂಲಿ’ ಇವುಗಳಲ್ಲಿ ಯಾವುದು ಬರೀ ಕೆಲಸದ ಮಾತು, ಯಾವುದು ಬೈಗುಳ? ಬೈಗುಳ ಆದ್ರೆ ಎಲ್ಲಿ, ಹೆಂಗೆ ದೂರು ಕೊಡಬೇಕ್ರಿ?

ಉತ್ತರ 1 (ರಾಯಚೂರು):
ಬೆಂಚ್, ಬಿಲ್ಲಬಲ್, ಶ್ಯಾಡೋ ಇವು ಲೆಕ್ಕದ ಮಾತುಗಳು. ಪ್ರಾಜೆಕ್ಟ್ ಇಲ್ಲದೆ ಕಾಯುತ್ತಿರುವವರು ಬೆಂಚ್ ಮೇಲೆ. ಯಾರ ಗಂಟೆಗೆ ಕ್ಲೈಂಟ್ ದುಡ್ಡು ಕೊಡುತ್ತಾನೋ ಅವರು ಬಿಲ್ಲಬಲ್. ಇನ್ನೊಬ್ಬರ ಜೊತೆಗಿದ್ದು ಕೆಲಸ ಕಲಿಯುವವರು ಶ್ಯಾಡೋ. ಇವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಿಲ್ಲ.

‘ರಿಸೋರ್ಸ್’, ಅಂದರೆ ಕೆಲಸಕ್ಕೆ ಲೆಕ್ಕ ಹಿಡಿಯುವ ಜನ, ನೋಡಿ, ಅದು ಗಡಿ ಮೇಲಿನ ಮಾತು. ‘ಜುಲೈಗೆ ಇಬ್ಬರು ರಿಸೋರ್ಸ್ ಬೇಕು’ ಅಂದರೆ ಅದು ಯೋಜನೆಯ ಹಾಳೆಯದು. ನೀವು ಕಾಲ್‌ನಲ್ಲಿ ಇರುವಾಗಲೇ ‘ಆ ಆಫ್‌ಶೋರ್ ರಿಸೋರ್ಸ್ ಕೆಡಿಸಿದ್ದು’ ಅಂದರೆ ನಿಮ್ಮ ಹೆಸರನ್ನು ಅಳಿಸಿದ ಹಾಗೆ. ಕ್ಲೈಂಟ್ ಇರುವ ಕಡೆ ಕೂತವರು ಆನ್‌ಸೈಟ್, ಇಲ್ಲಿಂದಲೇ ಕೆಲಸ ಮಾಡುವವರು ಆಫ್‌ಶೋರ್. ಆನ್‌ಸೈಟ್‌ನವರನ್ನೆಲ್ಲ ಹೆಸರು ಹಿಡಿದು ಕರೆದು, ಇಲ್ಲಿನವರನ್ನು ಮಾತ್ರ ‘ಆಫ್‌ಶೋರ್’ ಅನ್ನುತ್ತಾರಾ? ಬಿಲ್ಡ್ (ಎಲ್ಲರ ಕೋಡ್ ಜೋಡಿಸಿ ಮಾಡಿದ ಸಾಫ್ಟ್‌ವೇರ್) ಒಡೆದಾಗ ‘ಆಫ್‌ಶೋರ್ ಕೋಡ್’, ಸರಿಯಾಗಿ ಓಡಿದಾಗ ‘ನಮ್ಮ ಕೋಡ್’ ಆಗುತ್ತದಾ? ಎರಡು ವಾರ ಗಮನಿಸಿದರೆ ಗೊತ್ತಾಗುತ್ತದೆ. ಎಷ್ಟೋ ಸಲ ಹೀಗೆ ಆಡುವವರು ಆನ್‌ಸೈಟ್‌ಗೆ ಹೋದ ನಮ್ಮವರೇ.

‘ಕೋಡ್ ಮಂಕಿ’ (ತಲೆ ಓಡಿಸದೆ ಹೇಳಿದಷ್ಟು ಕೋಡ್ ಬರೆಯುವವನು) ಅಂತ ಅಮೆರಿಕದ ಪ್ರೋಗ್ರಾಮರ್‌ಗಳು ತಮ್ಮನ್ನೇ ಅಂದುಕೊಳ್ಳುವುದುಂಟು. ಅದನ್ನೇ ಬೇರೆ ಬಣ್ಣದವರಿಗೆ ಅಂದಾಗ ಜನಾಂಗದ ಹಳೇ ಬೈಗುಳ ಅದರೊಳಗೆ ಬಂದು ಕೂರುತ್ತದೆ. ‘ಡೂ ದ ನೀಡ್‌ಫುಲ್’ ಬ್ರಿಟಿಷರ ಕಾಲದ ಕಚೇರಿ ಇಂಗ್ಲಿಷ್, ನಮ್ಮ ಅರ್ಜಿಗಳ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಇದ್ದ ಹಾಗೆ. ಬೇರೆ ಪದ ಬಳಸಿ ಅಂದರೆ ಅದು ಸಲಹೆ. ಅದೇ ಮಾತನ್ನು ನಮ್ಮ ಉಚ್ಚಾರಣೆಯಲ್ಲಿ ಅಣಕಿಸಿದರೆ ಅವಮಾನ.

ಉತ್ತರ 2 (ಸಿಂಧನೂರು):
‘ಕೂಲಿ’ ಬಗ್ಗೆ ಬಿಡಿಸಿ ಬರೀರಿ, ಹುಡುಗ್ರು ಇಲ್ಲೇ ಎಡವ್ತಾರ. ನಮ್ಮಲ್ಲಿ ಭತ್ತ ನಾಟಿಗೆ, ಹತ್ತಿ ಬಿಡಿಸಾಕ ಹೋಗೋರು ‘ಕೂಲಿ ಮಾಡ್ತೀವಿ’ ಅಂತ ತಲೆ ಎತ್ತಿ ಹೇಳ್ತಾರ. ಅದು ದುಡಿದ ದಿನದ ದುಡ್ಡು. ಇಂಗ್ಲಿಷಿನ ‘ಕೂಲಿ’ ಬ್ಯಾರೆ. 1834ರಿಂದ ಮಾರಿಷಸ್‌ಗೆ, 1860ರಿಂದ ದಕ್ಷಿಣ ಆಫ್ರಿಕಾದ ನಟಾಲ್‌ಗೆ, 1879ರಿಂದ ಫಿಜಿಗೆ ಕರಾರಿನ ಮ್ಯಾಲೆ ಹಡಗು ಹತ್ತಿಸಿದ ನಮ್ಮ ಮಂದಿಗೆ ಬಿಳಿಯರು ಹಚ್ಚಿದ ಹೆಸರು ಅದು. ಗಾಂಧೀಜಿಗೂ ದಕ್ಷಿಣ ಆಫ್ರಿಕಾದಾಗ ‘ಕೂಲಿ ಬ್ಯಾರಿಸ್ಟರ್’ ಅಂದ್ರು. ಇವತ್ತಿಗೂ ಅಲ್ಲಿ ಅದು ಬೈಗುಳನೇ. ನಮ್ಮ ನಮ್ಮೊಳಗೆ ಸಂಬಳ ಕಡಿಮಿ ಅಂತ ‘ಸೈಬರ್ ಕೂಲಿ’ ಅಂದುಕೊಳ್ಳೋದು ಬ್ಯಾರೆ, ಕ್ಲೈಂಟ್ ಬಾಯಾಗ ಬಂದ್ರ ಬ್ಯಾರೆ.

ಬೆಂಗಳೂರು ಆಫೀಸಿನಾಗ ನಮ್ಮ ಕಡೆಯವ್ರಿಗೆ ‘ಗುಳೆ ಮಂದಿ’ ಅನ್ನೋದನ್ನೂ ಕೈಪಿಡಿಗೆ ಸೇರಿಸ್ರಿ. ಗುಳೆ ಹೋಗೋದು ಹೊಟ್ಟೆಪಾಡು, ಅಡ್ಡಹೆಸರಲ್ಲ.

ಉತ್ತರ 3 (ಕೊಪ್ಪಳ):
ಮೊದಲು ಸಾಕ್ಷಿ. ಚಾಟ್ ಆದರೆ ಹಿಂದಿನ, ಮುಂದಿನ ನಾಲ್ಕೈದು ಸಂದೇಶವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಒಂದೇ ಸಾಲು ಇದ್ದರೆ ‘ತಮಾಷೆಗೆ ಅಂದದ್ದು’ ಅಂತ ಜಾರಿಕೊಳ್ಳುತ್ತಾರೆ. ಕಾಲ್‌ನಲ್ಲಾದರೆ ಅವತ್ತೇ ಬರೆದಿಡಿ: ಆಡಿದ ಮಾತು ಆಡಿದ ಹಾಗೇ, ಯಾರ‍್ಯಾರು ಇದ್ದರು, ಎರಡೂ ಕಡೆಯ ಸಮಯ. ನ್ಯೂಯಾರ್ಕ್ ಬೇಸಿಗೆಯಲ್ಲಿ ನಮಗಿಂತ 9.5 ಗಂಟೆ, ಚಳಿಗಾಲದಲ್ಲಿ 10.5 ಗಂಟೆ ಹಿಂದೆ. ನಮ್ಮ ಮಧ್ಯರಾತ್ರಿ ದಾಟಿದ ಕಾಲ್‌ಗೆ ಅಲ್ಲಿ ಹಿಂದಿನ ದಿನದ ತಾರೀಖು. ಅದು ತಪ್ಪಿದರೆ ರೆಕಾರ್ಡಿಂಗ್ ಹುಡುಕಿದರೂ ಸಿಗುವುದಿಲ್ಲ.

ಸ್ಕ್ರೀನ್‌ಶಾಟನ್ನು ಸ್ವಂತ ಜಿಮೇಲ್‌ಗೋ ವಾಟ್ಸಾಪ್‌ಗೋ ಕಳಿಸಲೇಬೇಡಿ. ಕ್ಲೈಂಟ್ ಮಾಹಿತಿ ಹೊರಗೆ ಹೋಯಿತು ಅಂತ ವಿಚಾರಣೆ ನಿಮ್ಮ ಮೇಲೆ ತಿರುಗುತ್ತದೆ, ಬೈದ ವಿಷಯ ಮೂಲೆಗೆ ಬೀಳುತ್ತದೆ. ಕಂಪನಿ ಮೇಲ್‌ನಿಂದಲೇ ನಿಮ್ಮ ಮ್ಯಾನೇಜರ್‌ಗೆ, ಎಚ್‌ಆರ್‌ಗೆ ಬರೆಯಿರಿ.

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹುಟ್ಟಿದ ದೇಶದ ಮೇಲಿನ ತಾರತಮ್ಯವನ್ನು ತಡೆಯುತ್ತದೆ. ಆದರೆ ಬಳ್ಳಾರಿಯಲ್ಲಿ ಕೂತ ಭಾರತೀಯ ಪ್ರಜೆಗೆ ಅದರ ರಕ್ಷಣೆ ಇಲ್ಲ. ಆದ್ದರಿಂದ ಕ್ಲೈಂಟ್ ಕಂಪನಿಯ ನೀತಿಸಂಹಿತೆ, ಎಥಿಕ್ಸ್ ಹೆಲ್ಪ್‌ಲೈನ್ ಏನಿದೆ ಅಂತ ಎಚ್‌ಆರ್ ಮೂಲಕ ಕೇಳಿಸಿ. ಲೈಂಗಿಕ ಮಾತಾದರೆ ಮಹಿಳೆಯರಿಗೆ 2013ರ ಕಾಯ್ದೆ ಇದೆ: ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರು 3 ತಿಂಗಳೊಳಗೆ.

ಪ್ರಶ್ನೆ ಕೇಳಿದವರು:
ಮೊದಲ ಸಲ ಅಂದಾಗಲೇ ದೂರು ಕೊಡಬೇಕಾ?

ಉತ್ತರ 1 (ರಾಯಚೂರು):
‘ರಿಸೋರ್ಸ್’ ಥರದ್ದಾದರೆ ಬೇಡ. ಅವರಿಗೇ ಖಾಸಗಿಯಾಗಿ ಎರಡು ಸಾಲು ಬರೆಯಿರಿ: ಈ ಮಾಡ್ಯೂಲ್ ನೋಡಿಕೊಳ್ಳುವುದು ನಾನು, ನನ್ನ ಹೆಸರು ಇದು, ಇನ್ನು ಮುಂದೆ ಹೆಸರು ಹಿಡಿದೇ ಕರೆಯಿರಿ ಅಂತ. ಬಣ್ಣ, ದೇಶ, ಜಾತಿ ಎತ್ತಿ ಆಡಿದರೆ ಎರಡನೇ ಸಲಕ್ಕೆ ಕಾಯಬೇಡಿ.