ನಮ್ಮ ಕಾರ್ಡ್ ಆಟಕ್ಕೆ ಬೇರೆ ಆಟದ ಹೆಸರುಗಳನ್ನು ಬಳಸಬಹುದಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ವಿದ್ಯಾರ್ಥಿ):
ನಮಸ್ಕಾರ ಮೇಡಂ. ನಾನು ಮತ್ತು ನನ್ನ ಗೆಳೆಯ ಸೇರಿ ಒಂದು ಕಾರ್ಡ್ ಆಟ ಮಾಡಿದ್ದೇವೆ. ಸಕಲೇಶಪುರದ ಕಡೆಯ ಕಾಫಿ ತೋಟ, ರಾತ್ರಿ ಹೊತ್ತು, ರೈಟರು (ತೋಟದ ಲೆಕ್ಕ ನೋಡುವವರು) ಮತ್ತು ಆಳುಗಳು ಬೆಳಗಾಗುವ ತನಕ ದೆವ್ವಗಳಿಂದ ತಪ್ಪಿಸಿಕೊಳ್ಳಬೇಕು. ದೆವ್ವಗಳಿಗೆ ನಮಗೆ ಇಷ್ಟವಾದ ಆಟಗಳಿಂದ ಹೆಸರು ತೆಗೆದುಕೊಂಡಿದ್ದೇವೆ: ಬಿಹೋಲ್ಡರ್, ಮೈಂಡ್ ಫ್ಲೇಯರ್, ಹಾಬಿಟ್, ಓರ್ಕ್, ಗಾಬ್ಲಿನ್. ನಮ್ಮಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವವೂ ಒಂದು ಕಾರ್ಡಿನಲ್ಲಿದೆ. 200 ಸೆಟ್ ಪ್ರಿಂಟ್ ಹಾಕಿಸಿ ಮಾರಬೇಕು ಅಂತ ಆಸೆ, ಆಮೇಲೆ ಫೋನಿಗೂ ತರಬೇಕು. ಹೆಸರಿಗೆ ಕಾಪಿರೈಟ್ ಇಲ್ಲ ಅಂತ ಓದಿದ್ದೇನೆ. ಹಾಗಾದರೆ ತೊಂದರೆ ಇಲ್ಲ ಅಲ್ವಾ? ಮೂರು ಕಾರ್ಡಿನ ಫೋಟೊ ಹಾಕಿದ್ದೇನೆ. ಸೋಮವಾರ ಪ್ರೆಸ್ಸಿಗೆ ಕೊಡಬೇಕು.

ಉತ್ತರ (ವಕೀಲರು):
ಪ್ರೆಸ್ಸಿಗೆ ಕೊಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನನ್ನ ಹತ್ತಿರ ಜನ ಸಾಮಾನ್ಯವಾಗಿ ಬರುವುದು ಡಬ್ಬಗಳು ಗೋಡೌನಿಗೆ ಬಂದು ಬಿದ್ದ ಮೇಲೆ.

ನೀವು ಓದಿದ್ದು ಸುಳ್ಳಲ್ಲ. 'ದೇಸಿ ಬಾಯ್ಸ್' ಸಿನಿಮಾದ ಹೆಸರಿನ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಹೇಳಿತು: ಬರೀ ಶೀರ್ಷಿಕೆಗೆ ಕಾಪಿರೈಟ್ ಸಿಗುವುದಿಲ್ಲ. ಒಂದೆರಡು ಪದದ ಹೆಸರಿಗೂ ಅದೇ ಮಾತು. ಆದರೆ ಕಾಪಿರೈಟ್ ಒಂದು ಬಾಗಿಲು ಮಾತ್ರ. ಪಕ್ಕದಲ್ಲಿ ಟ್ರೇಡ್‌ಮಾರ್ಕ್ ಅನ್ನುವ ಇನ್ನೊಂದು ಬಾಗಿಲಿದೆ, ಅದು ಇರುವುದೇ ಹೆಸರುಗಳಿಗಾಗಿ. ಹೆಸರು ನೋಡಿದ ಗಿರಾಕಿ 'ಓ, ಇದು ಅವರದೇ ಆಟ' ಅಂದುಕೊಂಡರೆ ಆ ಬಾಗಿಲು ತೆರೆಯುತ್ತದೆ. ನೋಂದಣಿ ಆಗಿರದಿದ್ದರೂ, ಆ ಹೆಸರಿನಿಂದ ಜನಪ್ರಿಯರಾದವರು 'ಪಾಸಿಂಗ್ ಆಫ್' ಅಂತ, ಅಂದರೆ ತಮ್ಮ ಹೆಸರಿನಲ್ಲಿ ಬೇರೆಯವರು ಮಾಲು ಮಾರುತ್ತಿದ್ದಾರೆ ಅಂತ, ದಾವೆ ಹಾಕಬಹುದು. ನೋಂದಣಿ ಆಗಿರುವ ಟ್ರೇಡ್‌ಮಾರ್ಕ್ ಆದರೆ ಕಂಪನಿಯವರು ತಮ್ಮ ವ್ಯವಹಾರ ಇರುವ ಊರಿನಲ್ಲೇ ದಾವೆ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅಂದರೆ ಹಾಸನದಿಂದ ದೆಹಲಿಗೋ ಮುಂಬೈಗೋ ಓಡಾಡುವವರು ನೀವು.

ಈಗ ನಿಮ್ಮ ಪಟ್ಟಿಗೆ ಬರೋಣ. ಗಾಬ್ಲಿನ್ ಹಳೆಯ ಜನಪದ ಕಥೆಗಳದ್ದು, ಧೈರ್ಯವಾಗಿ ಇಟ್ಟುಕೊಳ್ಳಿ. ಓರ್ಕ್ ಹಳೇ ಇಂಗ್ಲಿಷಿನಲ್ಲೂ ಇದ್ದ ಪದ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅದಕ್ಕೆ ಹೊಸ ರೂಪ ಕೊಟ್ಟರು, ಈಗ ನೂರಾರು ಆಟಗಳಲ್ಲಿದೆ. ಹೆಸರು ಸರಿ, ಚಿತ್ರ ಮಾತ್ರ ನಿಮ್ಮದೇ ಆಗಿರಲಿ. ಹಾಬಿಟ್ ಬೇಡ, ಅದು ಟೋಲ್ಕಿನ್ ಕಾದಂಬರಿಗಳ ಪಾತ್ರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಅಮೆರಿಕದ ಆಟದವರೇ ಮೊದಲು ಹಾಬಿಟ್, ಎಂಟ್ (ಅವರ ಕಥೆಯ ನಡೆದಾಡುವ ಮರ) ಅಂತ ಬಳಸಿ, ಟೋಲ್ಕಿನ್ ಕೃತಿಗಳ ಹಕ್ಕುದಾರರು ತಕರಾರು ಮಾಡಿದ ಮೇಲೆ 1977ರಲ್ಲಿ ಹಾಫ್ಲಿಂಗ್, ಟ್ರೆಂಟ್ ಅಂತ ಬದಲಿಸಿದರು. ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ನಮ್ಮಲ್ಲಿ ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಅಂದರೆ ಅವರ ಬರಹಕ್ಕೆ 2033ರ ಕೊನೆಯ ತನಕ. ಟ್ರೇಡ್‌ಮಾರ್ಕಿಗೆ ಹಾಗೆ ಕೊನೆ ಇಲ್ಲ, 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು.

ಬಿಹೋಲ್ಡರ್, ಮೈಂಡ್ ಫ್ಲೇಯರ್ ಎರಡೂ ಅದೇ ಡ್ರ್ಯಾಗನ್ಸ್ ಆಟದವರ ಸ್ವಂತ ಕಲ್ಪನೆ. ಅವರು 2023ರ ಜನವರಿಯಲ್ಲಿ ತಮ್ಮ ನಿಯಮಗಳ ಒಂದು ಭಾಗವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಗಾಬ್ಲಿನ್, ಓರ್ಕ್, ಟ್ರೆಂಟ್ ಎಲ್ಲ ಅದರಲ್ಲಿವೆ. ಈ ಎರಡರ ವಿವರವನ್ನು ಮಾತ್ರ ಅವರು ಅದರಲ್ಲಿ ಸೇರಿಸಿಲ್ಲ.

ನಿಮ್ಮ ಎರಡನೇ ಫೋಟೊ ದೊಡ್ಡದು ಮಾಡಿ ನೋಡಿದೆ. ಕಾಫಿ ಗಿಡಗಳ ನಡುವೆ ತೇಲುವ ಒಂದು ಉಂಡೆ, ನಡುವೆ ಒಂದೇ ದೊಡ್ಡ ಕಣ್ಣು, ಮೇಲೆ ಕೊಂಬಿನ ತುದಿಗೊಂದೊಂದು ಕಣ್ಣು. ಎಣಿಸಿದೆ, ಸರಿಯಾಗಿ ಹತ್ತು. ಮೂಲ ಬಿಹೋಲ್ಡರಿಗೂ ಹತ್ತೇ. ಹೆಸರಿಗಿಂತ ನನಗೆ ಇದರ ಚಿಂತೆ ಜಾಸ್ತಿ. ಚಿತ್ರಕ್ಕೆ ಕಾಪಿರೈಟ್ ಖಂಡಿತ ಇದೆ. ನೀವು ಕೆಳಗೆ 'ತೋಟದ ಕಣ್ಣು' ಅಂತ ಬರೆದರೂ ನೋಡಿದವರು ಬಿಹೋಲ್ಡರ್ ಅಂತಲೇ ಕರೆಯುತ್ತಾರೆ.

ಇನ್ನೊಬ್ಬ ಸದಸ್ಯರು:
ಮೇಡಂ, ಒಂದೆರಡು ಅಕ್ಷರ ಬದಲಿಸಿದರೆ ಸಾಕು ಅಂತ ಹೇಳುತ್ತಾರಲ್ಲ?

ಉತ್ತರ (ವಕೀಲರು):
ಆ ಮಾತು ನಂಬಿ ಕೆಟ್ಟವರು ಬಹಳ ಜನ ಸರ್. ನಮ್ಮ ದೇಶದ್ದೇ ಕೇಸ್ ಇದೆ. ಕೋಲ್ಕತ್ತಾದ ಇಬ್ಬರು ಅಣ್ಣತಮ್ಮಂದಿರು, ಅಕ್ಷರ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಥರದ ಆಟ ಮಾಡಿ ಸ್ಕ್ರ್ಯಾಬುಲಸ್ ಅಂತ ಹೆಸರಿಟ್ಟರು. ಫೇಸ್‌ಬುಕ್ಕಿನಲ್ಲಿ ಭಾರಿ ಜನಪ್ರಿಯವಾಯಿತು. 2008ರಲ್ಲಿ ದೆಹಲಿ ಹೈಕೋರ್ಟ್ ಆ ಹೆಸರನ್ನು ತಡೆಯಿತು, ಸ್ಕ್ರ್ಯಾಬಲ್ ಟ್ರೇಡ್‌ಮಾರ್ಕಿಗೆ ತೀರಾ ಹತ್ತಿರ ಅಂತ. ಆದರೆ ಆಟದ ಬೋರ್ಡ್ ಮತ್ತು ನಿಯಮಗಳ ಮೇಲೆ ಕಾಪಿರೈಟ್ ಇದೆ ಎಂಬ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಅವರು ಲೆಕ್ಸುಲಸ್ ಅಂತ ಹೆಸರು ಬದಲಿಸಿ ಆಟ ಮುಂದುವರಿಸಿದರು. ಆಟ ಮಾಡುವ ಹುಡುಗರು ಈ ಕೇಸ್ ಒಂದನ್ನಾದರೂ ತಿಳಿದಿರಬೇಕು. ಕಾರ್ಡ್ ಎಳೆಯುವುದು, ದಾಳ ಹಾಕುವುದು, ಅಂಕ ಎಣಿಸುವುದು, ಇವನ್ನೆಲ್ಲ ಯಾರಿಂದಲೂ ಕಲಿಯಬಹುದು. ಅವರ ನಿಯಮ ಪುಸ್ತಕದ ವಾಕ್ಯಗಳನ್ನು ಹಾಗೆಯೇ ಇಳಿಸಬೇಡಿ, ಅಷ್ಟೇ.

ಹಿಂದಿ ಕಾಮಿಕ್ಸ್‌ನ ಹಾವಿನ ವೀರ ನಾಗರಾಜ್ ನೆನಪಿದ್ದಾನಾ? ಇನ್ನೊಬ್ಬ ಪ್ರಕಾಶಕರು ನಾಗೇಶ್ ಅಂತ ಅಂಥದ್ದೇ ವೀರನನ್ನು ತಂದಾಗ ದೆಹಲಿ ಹೈಕೋರ್ಟ್ ತಡೆದಿತ್ತು. ಹೆಸರು, ವೇಷ, ಶಕ್ತಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು.

ಪ್ರಶ್ನೆ (ಹಾಸನದ ವಿದ್ಯಾರ್ಥಿ):
ಮಾರದೆ ಸುಮ್ನೆ ಫ್ರೀಯಾಗಿ ಕೊಟ್ಟರೆ?

ಉತ್ತರ (ವಕೀಲರು):
ಮನೆಯಲ್ಲಿ ಗೆಳೆಯರ ಜೊತೆ ಆಡಿ, ಯಾರೂ ಕೇಳುವುದಿಲ್ಲ. ಆ್ಯಪ್ ಆಗಿ ಹಾಕಿದರೆ ಫ್ರೀ ಅನ್ನುವುದು ರಕ್ಷಣೆ ಅಲ್ಲ. ಒಂದು ದೂರು ಹೋದರೆ ಸಾಕು, ಸ್ಟೋರಿನಿಂದ ತೆಗೆದುಹಾಕಬಹುದು.

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯರು):
ನಾನೂ ಒಂದು ಆಟ ಮಾಡುತ್ತಿದ್ದೇನೆ ಮೇಡಂ. ಅಂಗಡಿ ಎಂಬ ಊರಿನ ಸಳ, ಹುಲಿ, ಬೇಲೂರಿನ ಗಂಡಭೇರುಂಡ, ಹಾಸನಾಂಬೆ. ಇವು ಯಾರ ಸ್ವತ್ತೂ ಅಲ್ಲ ತಾನೇ? ಗಂಡಭೇರುಂಡವನ್ನೇ ಲೋಗೊ ಮಾಡೋಣ ಅಂತಿದ್ದೇನೆ.

ಉತ್ತರ (ವಕೀಲರು):
ಸಳ ಮತ್ತು ಹುಲಿ ಎಲ್ಲರ ಸ್ವತ್ತು. ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಕಲ್ಲಿನಲ್ಲೇ ನಿಂತಿದ್ದಾರೆ, ನೋಡಿಕೊಂಡು ನೀವೇ ಚಿತ್ರ ಬರೆಯಿರಿ. ಬೇರೆಯವರು ಬರೆದ ಚಿತ್ರ ಅಥವಾ ತೆಗೆದ ಫೋಟೊ ಆದರೆ ಅದಕ್ಕೆ ಅವರ ಹಕ್ಕು ಇರುತ್ತದೆ. ಗಂಡಭೇರುಂಡ ಆಟದೊಳಗೆ ಹಕ್ಕಿಯಾಗಿ ಬರಲಿ, ಲೋಗೊ ಬೇಡ. ಅದು ರಾಜ್ಯ ಸರ್ಕಾರದ ಲಾಂಛನದಲ್ಲಿದೆ. ಸರ್ಕಾರಿ ಲಾಂಛನವನ್ನು ಅಥವಾ ಅದನ್ನು ಹೋಲುವುದನ್ನು ವ್ಯಾಪಾರಕ್ಕೆ ಬಳಸುವುದನ್ನು ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ತಡೆಯುತ್ತದೆ.

ಹಾಸನಾಂಬೆಯ ಹೆಸರನ್ನು ಕಾರ್ಡಿನಲ್ಲಿ ಹಾಕಬೇಡಿ ಅನ್ನುವುದು ನನ್ನ ಸ್ವಂತ ಸಲಹೆ. ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವ ಜನರ ದೇವರು ಅದು. ಧಾರ್ಮಿಕ ಭಾವನೆಗೆ ನೋವಾಗುವ ಗುರುತನ್ನು ಟ್ರೇಡ್‌ಮಾರ್ಕ್ ಕಾಯ್ದೆಯೂ ನೋಂದಾಯಿಸುವುದಿಲ್ಲ. 'ರಾಮಾಯಣ್' ಎಂಬ ಹೆಸರನ್ನು ಊದುಬತ್ತಿಗೆ ಸ್ವಂತ ಮಾಡಿಕೊಳ್ಳಲು ಸುಪ್ರೀಂ ಕೋರ್ಟ್ 2015ರಲ್ಲಿ ಬಿಡಲಿಲ್ಲ.

ಪ್ರಶ್ನೆ (ಹಾಸನದ ವಿದ್ಯಾರ್ಥಿ):
ಪ್ರೆಸ್ಸಿಗೆ ಫೋನ್ ಮಾಡಿ ಮೂರು ಕಾರ್ಡ್ ತಡೆಹಿಡಿಸಿದೆ ಮೇಡಂ. ಕಣ್ಣಿನ ದೆವ್ವದ ಜಾಗಕ್ಕೆ ಕೊಳ್ಳಿದೆವ್ವವನ್ನೇ ದೊಡ್ಡ ದೆವ್ವ ಮಾಡುತ್ತೇವೆ. ಸಿಲ್ವರ್ ಮರಗಳ ನಡುವೆ ಬೆಂಕಿ ಒಂದು ಕಡೆ ಆರಿ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಹಾಗಾಗಿ ಪ್ರತಿ ಸುತ್ತಿಗೂ ಆ ಕಾರ್ಡ್ ಜಾಗ ಬದಲಿಸಬೇಕು. ನಮ್ಮ ಆಟದ ಹೆಸರನ್ನು ನಾವು ಉಳಿಸಿಕೊಳ್ಳುವುದು ಹೇಗೆ?

ಉತ್ತರ (ವಕೀಲರು):
ಅಜ್ಜಿಯ ಮಾತು ಆಟದ ನಿಯಮವೇ ಆಯಿತಲ್ಲ, ತುಂಬಾ ಖುಷಿಯಾಯಿತು. ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಆಟದ ಹೆಸರು ಹಾಕಿ ಹುಡುಕಿ. ದುಡ್ಡು ಕೊಡಬೇಕಿಲ್ಲ. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಕಾರ್ಡ್ ಆಟ 28ನೇ ವರ್ಗ, ಡೌನ್‌ಲೋಡ್ ಮಾಡುವ ಫೋನ್ ಆಟ 9ನೇ ವರ್ಗ. ಅದೇ ಉಚ್ಚಾರಣೆಯ ಬೇರೆ ಕಾಗುಣಿತಗಳನ್ನೂ ಹುಡುಕಿ. ಹೆಸರು ಖಾಲಿ ಇದ್ದರೆ ಆನ್‌ಲೈನ್ ಅರ್ಜಿ ಹಾಕಿ, ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಈಗ 28 ಒಂದೇ ಸಾಕು. ನೋಂದಣಿ ಆಗುವ ತನಕ ಹೆಸರಿನ ಪಕ್ಕ ಟಿಎಂ ಅಂತ ಹಾಕಬಹುದು, ವೃತ್ತದೊಳಗಿನ ಆರ್ ಹಾಕಬೇಡಿ. ನೋಂದಣಿ ಆಗದೆ ಅದನ್ನು ಹಾಕುವುದು ಅಪರಾಧ.

ಹೊಸ ಕಾರ್ಡಿನ ಪ್ರೂಫ್ ಬಂದಾಗ ಇಲ್ಲಿ ಹಾಕಿ, ಪ್ಲೇಟ್ ಮಾಡಿಸುವ ಮೊದಲು ಒಮ್ಮೆ ನೋಡುತ್ತೇನೆ.