ಸ್ಕ್ರೀಮ್ ಮೊದಲ ಸೀಸನ್: 16ರ ಮಗಳ ಜೊತೆ ನೋಡಬಹುದಾ? ನೋಡಿದವರು ಅನುಭವ ಹೇಳಿ

ಶನಿವಾರದ ಅಪ್ಪ

ಎಂಟಿವಿಯವರು 2015ರಲ್ಲಿ ಮಾಡಿದ ಸ್ಕ್ರೀಮ್ ಅನ್ನೋ ಟೀವಿ ಸರಣಿಯ (ಮುಖವಾಡ ಹಾಕ್ಕೊಂಡು ಕೊಲೆ ಮಾಡೋ ಕತೆ) ಮೊದಲ ಸೀಸನ್ ಬಗ್ಗೆ ಕೇಳ್ಬೇಕಿತ್ತು. ಮಗಳಿಗೆ 16, ಫಸ್ಟ್ ಪಿಯು. ಇದೇ ಹೆಸರಿನ ಸಿನಿಮಾಗಳನ್ನ ನಾವಿಬ್ಬರೂ ಒಟ್ಟಿಗೇ ನೋಡಿದೀವಿ, ರಕ್ತ ಕಂಡು ಹೆದರೋ ಹುಡುಗಿ ಅಲ್ಲ. ನನ್ನ ಚಿಂತೆ ಬೇರೆ. ಹೋದ ತಿಂಗಳು ಅವಳ ಕ್ಲಾಸಲ್ಲಿ ಒಬ್ಬ ಹುಡುಗಿಯ ಫೋಟೋ ಎಲ್ಲರ ಫೋನಿಗೂ ಹೋಗಿ ದೊಡ್ಡ ರಂಪ ಆಯ್ತು. ಆ ಹುಡುಗಿ ಮಗಳ ಗೆಳತಿ. ಈ ಸರಣಿ ಶುರುವಾಗೋದೇ ಅಂಥದ್ದೊಂದು ವಿಡಿಯೋದಿಂದ ಅಂತ ಕೇಳಿದೆ. ಜೊತೆಗೆ ಕೂತು ನೋಡಬಹುದಾ, ಸದ್ಯಕ್ಕೆ ಬೇಡವಾ? ಹತ್ತು ಕಂತಿಗೆ ಕತೆ ಮುಗಿಯುತ್ತಾ, ಎರಡನೇ ಸೀಸನ್ನೂ ನೋಡಲೇಬೇಕಾ? ಕೊಲೆ ಮಾಡಿದ್ದು ಯಾರು ಅಂತ ಮಾತ್ರ ದಯವಿಟ್ಟು ಬರೀಬೇಡಿ.

ನಿದ್ದೆಗೆಟ್ಟವಳು

ನೋಡಿ ಸಾರ್, ಖಂಡಿತಾ ನೋಡಿ. ನಾನು ಈ ಸರಣಿಗೆ ತೆತ್ತಷ್ಟು ಯಾವುದಕ್ಕೂ ತೆತ್ತಿಲ್ಲ. 2016ರ ಬೇಸಿಗೆ, ದಾವಣಗೆರೆಯ ಹಾಸ್ಟೆಲ್, ಆರನೇ ಸೆಮಿಸ್ಟರ್. ಆಗ ಒಂದು ಜಿಬಿ ಡೇಟಾಗೆ 252 ರೂಪಾಯಿ. ಒಂದು ಕಂತು ಅಂದ್ರೆ ಕಡಿಮೆ ಗುಣಮಟ್ಟದಲ್ಲೂ 350 ಎಂಬಿ. ಹತ್ತು ಕಂತಿಗೆ ಮೂರೂವರೆ ಜಿಬಿ, ಅಂದ್ರೆ ನಾಲ್ಕು ಪ್ಯಾಕ್, 1,008 ರೂಪಾಯಿ. ಚಂದಾ 500 ಬೇರೆ. ಅಪ್ಪ ತಿಂಗಳ ಕೈಖರ್ಚಿಗೆ ಕಳಿಸ್ತಿದ್ದಿದ್ದು 1,500. ಆ ತಿಂಗಳು ಸಂಜೆ ಟೀ ಬಿಟ್ಟೆ, ಜೆರಾಕ್ಸ್ ಬಿಟ್ಟು ನೋಟ್ಸ್ ಕೈಯಲ್ಲೇ ಬರ್ಕೊಂಡೆ.

ಮೂರನೇ ಕಂತು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ರೈಲಿ ಅನ್ನೋ ಹುಡುಗಿ ಪೊಲೀಸ್ ಠಾಣೆಯ ಚಾವಣಿ ಮೇಲೆ ಇರಿತದ ಗಾಯ ಒತ್ತಿ ಹಿಡ್ಕೊಂಡು ಬಿದ್ದಿರ್ತಾಳೆ, ಫೋನಿನಲ್ಲಿ ಆ ಕಡೆ ನೋವಾ ಅನ್ನೋ ಹುಡುಗ. ಇಬ್ಬರೂ ಆಗಷ್ಟೇ ಒಬ್ಬರಿಗೊಬ್ಬರು ಹತ್ತಿರ ಆಗ್ತಿದ್ದವರು. ಸಿನಿಮಾದಲ್ಲಿ ಸಾಯೋ ಹುಡುಗಿಗೆ ಹತ್ತು ನಿಮಿಷ ಕೊಡ್ತಾರೆ, ಇಲ್ಲಿ ಸುಮಾರು ಎರಡು ಗಂಟೆ ಅವಳ ಜೊತೆ ಇದ್ದಿರ್ತೀವಿ. ಅವಳು ಎದ್ದು ಕೂರ್ತಾಳೆ ಅಂತ ನಾನು ಆ ಭಾಗ ಮೂರು ಸಲ ಹಿಂದಕ್ಕೆ ಎಳೆದು ನೋಡಿದೆ. ಅದಕ್ಕೇ ಇನ್ನೂರು ಎಂಬಿ ಹೋಯ್ತು.

ಏಳನೇ ಕಂತಿನ ಮಧ್ಯೆ ಪ್ಯಾಕ್ ಮುಗೀತು. ಭಾನುವಾರ ರಾತ್ರಿ, ರೀಚಾರ್ಜ್ ಅಂಗಡಿ ಮುಚ್ಚಿದೆ. ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ರೂಮ್‌ಮೇಟ್ ಹಲ್ಲುಜ್ಜುತ್ತಾ ಕೊಲೆ ಮಾಡಿದ್ದು ಯಾರು ಅಂತ ಹೆಸರು ಹೇಳಿಬಿಟ್ಟಳು. ಇವತ್ತಿಗೂ ಅವಳ ಮದುವೆ ಫೋಟೋ ನೋಡಿದ್ರೆ ನಂಗೆ ಅದೇ ನೆನಪಾಗೋದು.

ಕರಿಮಣ್ಣು

ನಾ ಬ್ಯಾಡ ಅಂತೀನ್ರಿ. ನಂದು ಸಿಟ್ಟು ಮುಖವಾಡದ್ದು. 1996ರ ಸಿನಿಮಾ ನೋಡಿದಾಗಿಂದ ಕೊಲೆಗಾರ ಹಾಕ್ಕೊಳ್ಳೋ ಆ ಬಿಳಿ ದೆವ್ವದ ಮುಖದ ಹುಚ್ಚು ನನಗ. 2014ರಾಗ ಹೊರದೇಶದಿಂದ ಅಸಲಿ ಮುಖವಾಡ ತರಿಸಿದೆ. ಮುಖವಾಡಕ್ಕ 1,900, ಸಾಗಾಣಿಕಿಗೆ 1,450, ಕಸ್ಟಮ್ಸಿಗೆ 780. ಒಟ್ಟು 4,130 ರೂಪಾಯಿ, ಹುಬ್ಬಳ್ಳಿ ಅಂಚೆ ಕಚೇರಿಗೆ ಮೂರು ಸಲ ತಿರುಗಾಟ ಬ್ಯಾರೆ. ಸರಣಿ ಬರತೈತಿ ಅಂದಾಗ ಗ್ವಾಡಿಗೆ ಮೊಳಿ ಹೊಡದು ತೂಗಹಾಕಿ ಕಾಯ್ಕೋತ ಕುಂತೆ. ಬಂದಿದ್ದೇನು? ಬ್ರ್ಯಾಂಡನ್ ಜೇಮ್ಸ್ ಅನ್ನೋ ಹುಡುಗಗ ಮುಖದ ಶಸ್ತ್ರಚಿಕಿತ್ಸೆ ಆದಮ್ಯಾಲ ಹಾಕಿದ್ದ ಯಾವುದೋ ವೈದ್ಯಕೀಯ ಮುಖವಾಡ. ಅಸಲಿದರ ಹಕ್ಕು ಫನ್ ವರ್ಲ್ಡ್ ಕಂಪನಿಯದು, ಗೊತ್ತದ ನನಗ. ಕೊಲೆಗಾರ ಫೋನಿನಾಗ ಮಾತಾಡೋ ದನಿನೂ ಬದಲಿ. ಸಿನಿಮಾದಾಗ ರೋಜರ್ ಜಾಕ್ಸನ್ ಮಾತಾಡಿದ್ರ ಬೆನ್ನಾಗ ಚಳಿ ಹುಟ್ಟತಿತ್ತು. ಮುಖ ಇಲ್ಲ, ದನಿ ಇಲ್ಲ, ಊರು ಬ್ಯಾರೆ, ಮಂದಿ ಬ್ಯಾರೆ. ಮತ್ತ ಆ ಹೆಸರು ಯಾಕ್ ಇಟ್ರಿ?

2019ರಾಗ ಮೂರನೇ ಸೀಸನ್ನಿಗೆ ಅದೇ ಮುಖವಾಡ, ಅದೇ ದನಿ ತಿರುಗಿ ತಂದ್ರು. ಅಂದ್ರ ತಾವು ಮಾಡಿದ್ದು ತಪ್ಪು ಅಂತ ಅವರಿಗೇ ಗೊತ್ತಾತು.

ಬೇಟನ್ ರೂಜ್ ಕನ್ನಡಿಗ

ಕರಿಮಣ್ಣು ಅವರೇ, ಆ ಮುಖವಾಡ ಹೊಸದಾಗಿರೋದಕ್ಕೆ ಕತೆಯೊಳಗೇ ಕಾರಣ ಇದೆ. 1994ರಲ್ಲಿ ಆ ಹುಡುಗನನ್ನ ಊರು ಹೇಗೆ ನಡೆಸಿಕೊಳ್ತು ಅನ್ನೋದೇ ಇಡೀ ಸೀಸನ್ನಿನ ಬೇರು. ಬಿಳಿ ದೆವ್ವದ ಮುಖ ಹಾಕಿದ್ರೆ ಆ ಬೇರೇ ಕಿತ್ತುಹೋಗ್ತಿತ್ತು.

ನನ್ನ ಮಾತು ಬರೀ ವೀಕ್ಷಕನ ಮಾತಲ್ಲ. ಅದರ ಚಿತ್ರೀಕರಣ ನಡೆದ ಕಾಲಕ್ಕೆ ನಾನು ಲೂಸಿಯಾನದ ಬೇಟನ್ ರೂಜ್‌ನಲ್ಲೇ ಓದ್ತಿದ್ದೆ. ಕತೆ ನಡೆಯೋ ಲೇಕ್‌ವುಡ್ ಕಾಲ್ಪನಿಕ ಊರು, ಆದ್ರೆ ಆ ಓಕ್ ಮರಗಳ ನೆರಳು, ಆ ಬೆವರು, ರಾತ್ರಿ ಹುಳುಗಳ ಸದ್ದು ನಾನು ದಿನಾ ನಡೆದು ಹೋಗ್ತಿದ್ದ ದಾರೀದು. ಜೂನ್ 30ರಿಂದ ಸೆಪ್ಟೆಂಬರ್ 1ರವರೆಗೆ ಹತ್ತು ಮಂಗಳವಾರ, ರಾತ್ರಿ ಒಂಬತ್ತಕ್ಕೆ, ಒಂದೂ ತಪ್ಪಿಸಿಲ್ಲ. ಅದಕ್ಕೋಸ್ಕರ ಲೈಬ್ರರಿಯ ಮಂಗಳವಾರದ ಪಾಳಿ ಬಿಟ್ಟೆ. ಗಂಟೆಗೆ 9 ಡಾಲರ್, ನಾಲ್ಕು ಗಂಟೆ, ಹತ್ತು ವಾರ. 360 ಡಾಲರ್ ಹೋಯ್ತು. ಆ ಬೇಸಿಗೆ ಊರಿಗೆ ಹೋಗೋ ಟಿಕೆಟ್ಟಿಗೆ ಸರಿಯಾಗಿ ಅಷ್ಟೇ ಕಡಿಮೆ ಬಿದ್ದು, ಅಜ್ಜಿಯ ಎಂಬತ್ತನೇ ವರ್ಷದ ಹೋಮಕ್ಕೆ ನಾನಿರಲಿಲ್ಲ.

ಕೊನೆಯ ಕಂತಿಗೆ ಎರಡು ದಿನ ಮುಂಚೆ, ಆಗಸ್ಟ್ 30ಕ್ಕೆ, ವೆಸ್ ಕ್ರೇವನ್ ತೀರಿಕೊಂಡ್ರು. ಸ್ಕ್ರೀಮ್‌ನ ಮೊದಲ ನಾಲ್ಕು ಸಿನಿಮಾ ನಿರ್ದೇಶಿಸಿದವರು, ಈ ಸರಣಿಗೂ ಕಾರ್ಯಕಾರಿ ನಿರ್ಮಾಪಕರು. ಮಂಗಳವಾರ ಟೀವಿ ಹಚ್ಚಿದಾಗ ಸೂತಕದ ಮನೇಲಿ ಕೂತಂಗಿತ್ತು. ದೋಣಿಗಟ್ಟೆ ಮೇಲೆ ನಾಯಕಿ ಎಮ್ಮಾ, ಅವಳ ತಾಯಿ ಇಬ್ಬರ ಎದುರಲ್ಲೇ, ಕೊಲೆ ಮಾಡಿದ ಅವಳು ಗುಂಡು ತಗುಲಿ ಕೆರೆಗೆ ಬಿದ್ದಾಗ ನಾನು ಚಪ್ಪಾಳೆ ಹೊಡೀಲಿಲ್ಲ, ಅತ್ತೆ. ಇದನ್ನ ಒಂದೇ ರಾತ್ರೀಲಿ ನುಂಗಿದವರಿಗೆ ಆ ವಾರದ ಕಾಯುವಿಕೆ ಏನು ಅಂತ ಗೊತ್ತಾಗಲ್ಲ.

ನಿದ್ದೆಗೆಟ್ಟವಳು

"ಬಿದ್ದಾಗ" ಅಂದಿದ್ರೆ ಸಾಕಾಗ್ತಿತ್ತು. "ಅವಳು" ಅಂತ ಯಾಕೆ ಬರೆದ್ರಿ? ಅಪ್ಪ ಕೈಮುಗಿದು ಕೇಳಿದಾರೆ ಬರೀಬೇಡಿ ಅಂತ. ಗಂಡಸರನ್ನೆಲ್ಲ ಅನುಮಾನದಿಂದ ತೆಗೆದುಹಾಕಿಬಿಟ್ರಲ್ಲ! ಕೀರನ್, ವಿಲ್, ಬ್ರಾನ್ಸನ್ ಮೇಷ್ಟ್ರು, ಅವರನ್ನೆಲ್ಲ ಅನುಮಾನಿಸ್ತಾ ಹೋಗೋದೇ ಮಜ. ಮತ್ತೆ ಒಂದೇ ರಾತ್ರೀಲಿ ನುಂಗಿದ್ದು ಅಂದ್ರಲ್ಲ, ನಾನು ನುಂಗಿಲ್ಲ. 1,008 ರೂಪಾಯಿ ಕೊಟ್ಟು ಹನ್ನೊಂದು ರಾತ್ರಿ ನೋಡಿದೀನಿ.

ಬೇಟನ್ ರೂಜ್ ಕನ್ನಡಿಗ

ಕನ್ನಡದಲ್ಲಿ ಕ್ರಿಯಾಪದ ಬರೆದ್ರೆ ಲಿಂಗ ಬಂದೇ ಬರುತ್ತೆ, ನಾನೇನ್ ಮಾಡ್ಲಿ? ಬೇಕಂತ ಬರೆದಿದ್ದಲ್ಲ. ಅಷ್ಟಕ್ಕೂ ಹತ್ತು ವರ್ಷದ ಹಿಂದಿನ ಸರಣಿ.

ಕಡಲ ಗಾಳಿ

ಬಂದೇ ಬರುತ್ತೆ ಅಂತ ಎಂತ ಮಾರಾಯ್ರೆ? "ಕೊಲೆ ಮಾಡಿದವರು ಬಿದ್ದದ್ದು" ಅಂತ ಬರೆದರೆ ಗಂಡೂ ಇಲ್ಲ ಹೆಣ್ಣೂ ಇಲ್ಲ. ಹುಷಾರಿ ಬೇಕು ಅಷ್ಟೆ.

ಎರಡನೇ ಸೀಸನ್ ನೋಡಬೇಕಾ ಅಂತ ಕೇಳಿದ್ದಲ್ಲವಾ, ಅದಕ್ಕೆ ನಾನು ಹೇಳ್ತೇನೆ. ನಾನು ನೋಡಿ ಕೆಟ್ಟವ. ಎರಡನೆಯದಕ್ಕೆ ಚುಕ್ಕಾಣಿ ಬೇರೆಯವರ ಕೈಗೆ ಹೋಯಿತು. ಅದರ ಮೊದಲ ಕಂತಿನಲ್ಲೇ ಎಮ್ಮಾಳ ಗುಂಪಿನ ಹುಡುಗ ಜೇಕ್ ಸತ್ತ. ಹನ್ನೆರಡು ಕಂತು ನೋಡಿದೆ, ಕೊನೆಗೆ ಜೈಲಿಗೆ ಒಂದು ಫೋನು ಬರ್ತದೆ. ಅದು ಯಾರದ್ದು? ಅಕ್ಟೋಬರಿನಲ್ಲಿ ಎರಡು ಗಂಟೆಯ ಹ್ಯಾಲೋವೀನ್ ವಿಶೇಷ ಬಂತು, ಅದನ್ನೂ ನೋಡಿದೆ. ಉತ್ತರ ಇಲ್ಲ. ಮೂರು ವರ್ಷ ಕಾದೆ. 2019ರಲ್ಲಿ ಬಂದದ್ದು ಹೊಸ ಊರು, ಹೊಸ ಮಕ್ಕಳು, ಆರು ಕಂತು. ಎಮ್ಮಾ ಇಲ್ಲ, ಆಡ್ರಿ ಇಲ್ಲ, ನೋವಾ ಇಲ್ಲ. ನಾನು ಎರಡನೇ ಸೀಸನ್ನಿನ ಒಂದೊಂದು ಕಂತಿಗೂ ಟಿಪ್ಪಣಿ ಮಾಡಿ ಇಟ್ಟಿದ್ದೆ, 140 ಪುಟದ ನೋಟ್‌ಬುಕ್ಕು, ಯಾರು ಯಾವಾಗ ಎಲ್ಲಿದ್ದರು ಅಂತ ಗೆರೆ ಎಳೆದು. ಹೆಂಡತಿ ಅಂಗಡಿ ಲೆಕ್ಕದ ಪುಸ್ತಕ ಅಂತ ಭಾವಿಸಿ ಹಿಂದಿನ ಪುಟಗಳಲ್ಲಿ ಹಾಲಿನ ಲೆಕ್ಕ ಬರೆದಳು. ಆ ಪುಸ್ತಕ ಈಗಲೂ ಉಂಟು. ಉತ್ತರ ಮಾತ್ರ ಯಾರೂ ಕೊಡಲಿಲ್ಲ.

ಮೊದಲ ಸೀಸನ್ ಕೂಡ ಪೂರ್ತಿ ಮುಗಿಯುವುದಿಲ್ಲ. ಕೊನೆಯ ನಿಮಿಷದಲ್ಲಿ ಪತ್ರಗಳು ಸುಡ್ತವೆ. ಹಾಗಾಗಿ ಅಲ್ಲಿಗೆ ನಿಲ್ಲಿಸಿದರೂ ಗಂಟಲಿನಲ್ಲಿ ಮುಳ್ಳು ಉಳಿಯುತ್ತದೆ.

ಎರಡು ಮಕ್ಕಳ ತಾಯಿ

ನಾನು 15 ವರ್ಷದ ಮಗನ ಜೊತೆ ನೋಡಿದೆ. ಕೊಲೆಗಳಿಗೆ ಏನೂ ಅನ್ನಿಸಲಿಲ್ಲ. ಮೊದಲ ದೃಶ್ಯದಲ್ಲಿ ನೀನಾಳ ಮುಂದೆ ಬಿಸಿನೀರಿನ ತೊಟ್ಟಿಗೆ ಗೆಳೆಯನ ತಲೆ ಬಂದು ಬೀಳುತ್ತಲ್ಲ, ಮಗ ಚಕ್ಕುಲಿ ತಿಂತಾನೇ ನೋಡಿದ. ವಿದ್ಯಾರ್ಥಿನಿ ಬ್ರೂಕ್ ಮತ್ತೆ ಮೇಷ್ಟ್ರ ಸಂಬಂಧದ ದೃಶ್ಯ ಬಂದಾಗಲೆಲ್ಲ ನಾನು ರಿಮೋಟ್ ತಗೊಂಡು ಮುಂದಕ್ಕೆ ಓಡಿಸ್ತಿದ್ದೆ. ಅದೇ ನಾನು ಮಾಡಿದ ತಪ್ಪು. ನಾಲ್ಕನೇ ಸಲಕ್ಕೆ ಅವನು ಎದ್ದು ಹೋದ. ಆಮೇಲೆ ಒಬ್ಬನೇ ಫೋನಲ್ಲಿ ನೋಡಿ ಮುಗಿಸಿದ, ಹನ್ನೆರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಮೇಷ್ಟ್ರು ಮಾಡಿದ್ದು ತಪ್ಪು ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಅಂತ ಕೇಳಿದ. ಆ ಪ್ರಶ್ನೆಗೆ ಉತ್ತರ ಹೇಳೋಕೆ ನಂಗಾಗಲಿಲ್ಲ.

ಕರಿಮಣ್ಣು

ಬಾಯಾರ, ಓಡಿಸಿದ್ದು ಸರಿನೇ ಮಾಡೀರಿ. ತಾಯಿ ಅಂದಮ್ಯಾಲ ಅಷ್ಟು ಮಾಡಬೇಕು.

ನಿದ್ದೆಗೆಟ್ಟವಳು

ಸರಿಯಲ್ಲ! ತಪ್ಪಾಯ್ತು ಅಂತ ಅವರೇ ಹೇಳ್ತಿದಾರೆ, ನೀವು ಸರಿ ಅಂತೀರಲ್ಲ. ಈ ಸೀಸನ್ನಿನ ಹೆದರಿಕೆ ಇರೋದೇ ಆ ದೃಶ್ಯಗಳಲ್ಲಿ. ಚಾಕು ಬರೋಕೆ ಮುಂಚೆನೇ ಆಡ್ರಿಯ ಮುತ್ತಿನ ವಿಡಿಯೋ ಹರಿದಾಡಿ ಅವಳ ಜೀವನ ಹಾಳಾಗಿರುತ್ತೆ, ಆ ಇನ್ನೊಂದು ಹುಡುಗಿ ರೇಚೆಲ್ ಬದುಕೋದೂ ಇಲ್ಲ. ಆ ವಿಡಿಯೋ ಹರಿಬಿಟ್ಟವರು ಆಡ್ರಿಯ ಕ್ಲಾಸಿನವರೇ. ನಿಮಗೆ ಕಾಣಿಸಿದ್ದು ಬರೀ ಮುಖವಾಡ.

ಕರಿಮಣ್ಣು

ನನಗ ಬರೇ ಮುಖವಾಡ ಕಂಡಿಲ್ಲವಾ ತಂಗಿ. ಹತ್ತೂ ಕಂತು ನೋಡೀನಿ, ಎರಡು ಸಲ. ವಿಲ್ ಸತ್ತದ್ದು ಕಂಡೈತಿ. ಕಟ್ಟಿಹಾಕಿದವನನ್ನ ಬಿಡಸಾಕ ಎಮ್ಮಾ ಓಡಿ ಬಂದಾಗ ಅಕಿ ಕಾಲೇ ತಂತಿಗೆ ತಾಕಿ ಯಂತ್ರ ಚಾಲೂ ಆಗತೈತಲ್ಲ, ಆ ರಾತ್ರಿ ನನಗೂ ಊಟ ಸೇರಲಿಲ್ಲ. ಹೊಲದಾಗ ಯಂತ್ರದ ಬಾಯಿ ಎಂಥದ್ದು ಅಂತ ಕಂಡವ ನಾ, ನಮ್ಮ ಕಾಕಾನ ಕೈ ಹೋಗೇದ. ಅಷ್ಟು ಚಂದ ಬರದವರು ಹೆಸರಿಗೆ ನಿಷ್ಠಿ ಇಟ್ಟಿದ್ರ ಏನಾಗತಿತ್ತು ಅಂತ ನನ್ನ ಹೊಟ್ಟಿ ಉರಿ. ಪೈಪರ್‌ಗ ಆ ಬಿಳಿ ಮುಖ ಹಾಕಿದ್ರ ಸೊಗಸಾಗತಿತ್ತು.

ನಿದ್ದೆಗೆಟ್ಟವಳು

ಹೆಸರನ್ನೇ ಬರೆದುಬಿಟ್ರಾ!

ಬೇಟನ್ ರೂಜ್ ಕನ್ನಡಿಗ

ನಾನು ಬರೀ "ಅವಳು" ಅಂದಿದ್ದಕ್ಕೆ ಬೈಸಿಕೊಂಡೆ.

ಕರಿಮಣ್ಣು

ಬಾಯಿ ತಪ್ಪಿ ಬಂತು. ಅಪ್ಪಾರು ಕ್ಷಮಿಸಬೇಕು. ಅಳಿಸಾಕ ಇಲ್ಲಿ ಬರವಲ್ದು.

ಕಡಲ ಗಾಳಿ

ಹೆಸರು ಬಂದಾಯಿತಲ್ಲ, ಇನ್ನು ಹೇಳ್ತೇನೆ. ಅದರಲ್ಲಿ ಅನ್ಯಾಯ ಇಲ್ಲ. ಕೊಲೆಯ ಕತೆ ಹೇಳ್ಲಿಕ್ಕೆ ಪಾಡ್‌ಕಾಸ್ಟ್ ಮಾಡಿಕೊಂಡು ಊರಿಗೆ ಬಂದವಳು ಅವಳು. 2014ರಲ್ಲಿ "ಸೀರಿಯಲ್" ಅಂತ ಒಂದು ಪಾಡ್‌ಕಾಸ್ಟ್ ಬಂದಾಗ ಅಮೆರಿಕದಲ್ಲಿ ಜನ ಹಳೇ ಕೊಲೆಯೊಂದನ್ನು ವಾರವಾರ ಕಾದು ಕೇಳಿದ್ದರು. ಮರು ವರ್ಷವೇ ಇವರು ಅಂಥ ದನಿಯ ಕೈಗೇ ಚಾಕು ಕೊಟ್ಟರು. ಆದರೆ ಇಷ್ಟೆಲ್ಲ ಅವಳೊಬ್ಬಳೇ ಮಾಡ್ಲಿಕ್ಕೆ ಸಾಧ್ಯ ಇಲ್ಲ ಅಂತ ನೋವಾ ಕಡೆಗೆ ಹೇಳುವುದು ಸರಿ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೇ ಆರು ಪುಟ ಹೋಗಿದೆ.

ಬೇಟನ್ ರೂಜ್ ಕನ್ನಡಿಗ

ಒಬ್ಬಳೇ ಮಾಡಬಹುದಿತ್ತು. ಕೊನೇಲಿ ಆಡ್ರಿ ಸುಟ್ಟದ್ದು ಪೈಪರ್ ಜೊತೆಗಿನ ಪತ್ರಗಳನ್ನ. ಪತ್ರ ಬರೆದ ಮಾತ್ರಕ್ಕೆ ಕೊಲೆಗೆ ಕೈ ಹಾಕಿದಂಗಲ್ಲ.

ಕಡಲ ಗಾಳಿ

ಹಾಗಾದರೆ ಎರಡನೇ ಸೀಸನ್ ನೀವು ನೋಡಿಲ್ಲ.

ಬೇಟನ್ ರೂಜ್ ಕನ್ನಡಿಗ

ನೋಡಿಲ್ಲ. ಕ್ರೇವನ್ ಇಲ್ಲದ ಮೇಲೆ ನೋಡಲ್ಲ ಅಂತ ಸೆಪ್ಟೆಂಬರ್ 1ಕ್ಕೇ ತೀರ್ಮಾನ ಮಾಡಿದೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಕಡಲ ಗಾಳಿ

ನೋಡದವರ ಹತ್ತಿರ ವಾದ ಎಂತದ್ದು?

ಶನಿವಾರದ ಅಪ್ಪ

ಹೆಸರು ಓದಿಬಿಟ್ಟೆ, ಪರವಾಗಿಲ್ಲ, ಮಗಳಿಗೆ ಗೊತ್ತಿಲ್ಲ. ನನಗೆ ಬೇಕಿರೋದು ಒಂದೇ. ಆ ವಿಡಿಯೋ ವಿಷಯ ಮೊದಲ ಕಂತಿಗೆ ಮುಗಿಯುತ್ತಾ, ಮುಂದೆಯೂ ಬರುತ್ತಾ?

ಎರಡು ಮಕ್ಕಳ ತಾಯಿ

ಬರುತ್ತೆ. ಮಧ್ಯದ ಕಂತುಗಳಲ್ಲಿ ಎಮ್ಮಾದೇ ವಿಡಿಯೋ ಇಡೀ ಶಾಲೆಗೆ ಹೋಗುತ್ತೆ, ಅವಳಿಗೆ ಗೊತ್ತಿಲ್ಲದೆ ತೆಗೆದಿದ್ದು. ಅವಳು ಶಾಲೆಯ ಕಾರಿಡಾರಲ್ಲಿ ನಡೆಯುವಾಗ ಎಲ್ಲರೂ ಫೋನ್ ನೋಡ್ತಿರ್ತಾರೆ. ಆ ರಾತ್ರಿ ರಿಮೋಟ್ ನಿಮ್ಮ ಕೈಯಲ್ಲಿ ಬೇಡ. ಮಗಳ ಹತ್ತಿರ ಇರಲಿ.

ಕರಿಮಣ್ಣು

ಮತ್ತ ನಿಲ್ಲಸೋದಾದ್ರ ಅಕಿನೇ ನಿಲ್ಲಸ್ತಾಳ. ನನ್ನ ಮುಖವಾಡ ಇನ್ನೂ ಗ್ವಾಡಿ ಮ್ಯಾಲೇ ಐತಿ, ಬಣ್ಣ ಅಷ್ಟ ಹಳದಿ ಆಗೇದ.